ಹುಬ್ಬಿಗೆ ಹಚ್ಚುವ ಮೊದಲು ಕಿವಿಯ ಹಿಂದೆ

ಗದಗಿನಿಂದ ಅಕ್ಕನ ಮಗಳು ಫೋನ್ ಮಾಡಿದ್ದಳು. ಮದುವೆಗೆ ಆಗ ಹದಿನೆಂಟು ದಿನ ಉಳಿದಿತ್ತು. ಸೀರೆಗೆ ಕುಚ್ಚು ಕಟ್ಟಿಸಿದ್ದು, ಬಳೆಗಾರರಿಗೆ ಹೇಳಿದ್ದು, ಛತ್ರದವರು ಕೊನೆಯ ಗಳಿಗೆಯಲ್ಲಿ ಬಾಡಿಗೆ ಏರಿಸಿದ್ದು ಎಲ್ಲ ಮಾತಾದ ಮೇಲೆ ದನಿ ತಗ್ಗಿಸಿ, "ಚಿಗವ್ವ, ಹುಬ್ಬಿಗೆ ಲ್ಯಾಮಿನೇಷನ್ ಮಾಡಿಸಬೇಕೆಂದಿದ್ದೇನೆ. ಅರಿಷಿಣದ ದಿನ ಬೆಳಿಗ್ಗೆಗೆ ಹುಬ್ಬಳ್ಳಿಯ ಪಾರ್ಲರಿನಲ್ಲಿ ಸಮಯ ಸಿಕ್ಕಿದೆ. ಅವ್ವನಿಗೆ ಹೇಳಬೇಡ" ಎಂದಳು.

ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ. ಮದುಮಗಳು ತನ್ನ ಮುಖದ ಬಗ್ಗೆ ಆಸೆಪಟ್ಟರೆ ಅದರಲ್ಲಿ ತಪ್ಪೇನಿದೆ? ಆದರೆ "ಅರಿಷಿಣದ ದಿನ ಬೆಳಿಗ್ಗೆ" ಎಂದದ್ದು ಕೇಳಿದೊಡನೆ ನನ್ನ ಕೈ ತಾನಾಗಿ ಎಡಹುಬ್ಬಿನ ಮೇಲೆ ಹೋಯಿತು. ಹೋದ ವರ್ಷ ಅಲ್ಲಿ ಚರ್ಮ ಸುಲಿದು ಎರಡು ವಾರ ನಾನು ಶಾಲೆಗೆ ಸೆರಗು ಹಣೆಯವರೆಗೆ ಎಳೆದುಕೊಂಡು ಹೋಗಿದ್ದೆ. "ಈ ಭಾನುವಾರ ಧಾರವಾಡಕ್ಕೆ ಬಾ, ಆಮೇಲೆ ನಿರ್ಧಾರ ಮಾಡೋಣ" ಎಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹುಬ್ಬಿಗೆ ಲ್ಯಾಮಿನೇಷನ್ ಮಾಡಿಸಬಹುದೇ ಎಂದು ನಮ್ಮ ಶಿಕ್ಷಕಿಯರ ಕೋಣೆಯಲ್ಲೂ ಈ ವರ್ಷ ನಾಲ್ಕು ಜನ ನನ್ನನ್ನು ಕೇಳಿದ್ದಾರೆ.

ಹುಬ್ಬಿನ ಕೂದಲನ್ನು ಮೇಲಕ್ಕೆ ಎತ್ತಿ ಕೆಲವು ವಾರ ಹಾಗೇ ನಿಲ್ಲಿಸುವ ಈ ಕೆಲಸಕ್ಕೆ ಇಟ್ಟ ಲ್ಯಾಮಿನೇಷನ್ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ನಮಗೆಲ್ಲ ಆ ಶಬ್ದ ಗೊತ್ತಿರುವುದು ಝೆರಾಕ್ಸ್ ಅಂಗಡಿಯಿಂದ. ಅಂಕಪಟ್ಟಿಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಬಿಸಿ ಯಂತ್ರದಲ್ಲಿ ತೂರಿಸುತ್ತಾರೆ. ಒಳಗಿನ ಕಾಗದಕ್ಕೆ ಏನೂ ಆಗುವುದಿಲ್ಲ, ಮೇಲೊಂದು ಹೊದಿಕೆ ಬೀಳುತ್ತದೆ. ಹುಬ್ಬಿನ ಮೇಲೂ ಅಂಥದ್ದೇ ಹೊಳಪಿನ ಹೊದಿಕೆ ಹಾಕುತ್ತಾರೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಅಲ್ಲಿ ಬದಲಾಗುವುದು ಕೂದಲಿನ ಒಳಗಿನ ಕಟ್ಟಡ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಉದುರಿದ ಕೂದಲೊಂದು ಒಲೆಗೆ ಬಿದ್ದರೆ ಬರುವ ನಾತ ಎಲ್ಲರಿಗೂ ಗೊತ್ತು. ಅದರಲ್ಲಿ ಗಂಧಕದ ಪಾಲಿದೆ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳಿಂದಾದದ್ದು. ಆ ಎಳೆಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿರುವುದು ಗಂಧಕದ ಜೋಡಿ ಕೊಂಡಿಗಳು. ಕೂದಲು ಗುಂಗುರಾಗಿದೆಯೋ ನೆಟ್ಟಗಿದೆಯೋ, ಕೆಳಕ್ಕೆ ಬಾಗಿದೆಯೋ ಮೇಲಕ್ಕೆ ನಿಂತಿದೆಯೋ ಎಂಬುದರಲ್ಲಿ ಈ ಕೊಂಡಿಗಳ ಕೈ ದೊಡ್ಡದು. ಪಾರ್ಲರಿನಲ್ಲಿ ಮೊದಲು ಹಚ್ಚುವ ಕ್ರೀಮು ಆ ಕೊಂಡಿಗಳನ್ನು ಬಿಡಿಸುತ್ತದೆ. ಅದರಲ್ಲಿ ಹೆಚ್ಚಾಗಿ ಥಯೋಗ್ಲೈಕೋಲೇಟ್ ಎಂಬ ರಾಸಾಯನಿಕವಿರುತ್ತದೆ. ಕೂದಲು ಮೆತ್ತಗಾದ ಮೇಲೆ ಅದನ್ನು ಬೇಕಾದ ಕಡೆಗೆ ಬಾಚಿ ಎರಡನೆಯ ಕ್ರೀಮು ಹಚ್ಚುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಹೈಡ್ರೋಜನ್ ಪೆರಾಕ್ಸೈಡ್ ಇಲ್ಲವೇ ಸೋಡಿಯಂ ಬ್ರೋಮೇಟ್ ಇದ್ದು, ಬಿಟ್ಟ ಕೊಂಡಿಗಳು ಹೊಸ ಜಾಗದಲ್ಲಿ ಮತ್ತೆ ಬೆಸೆದುಕೊಳ್ಳುತ್ತವೆ. ಕೊನೆಗೆ ಎಣ್ಣೆಯಂಥದ್ದೊಂದು ಹಚ್ಚಿ ಒರೆಸುತ್ತಾರೆ. ತಲೆಗೂದಲನ್ನು ಬಹುಕಾಲ ಗುಂಗುರಾಗಿ ನಿಲ್ಲಿಸುವ ಪರ್ಮ್ ಎಂಬುದೂ ಇದೇ. 1905ರ ಸುಮಾರಿಗೆ ಲಂಡನ್ನಿನಲ್ಲಿ ಕಾರ್ಲ್ ನೆಸ್ಲರ್ ಎಂಬ ಜರ್ಮನ್ ಕೇಶವಿನ್ಯಾಸಕ ಬಿಸಿ ಯಂತ್ರದಿಂದ ಕೂದಲು ಗುಂಗುರು ಮಾಡಲು ಹೊರಟಾಗ ಮೊದಲ ಪ್ರಯೋಗಕ್ಕೆ ತಲೆ ಕೊಟ್ಟವಳು ಅವನ ಹೆಂಡತಿ ಕ್ಯಾಥರೀನಾ. ಅವಳ ಕೂದಲೂ ಸುಟ್ಟಿತು, ನೆತ್ತಿಯೂ ಸುಟ್ಟಿತು. ಬಿಸಿಯಿಲ್ಲದೆ ಕೆಲಸ ಮಾಡುವ ಥಯೋಗ್ಲೈಕೋಲೇಟ್ ದ್ರಾವಣ ಬಳಕೆಗೆ ಬಂದದ್ದು 1940ರ ದಶಕದಲ್ಲಿ.

ಇನ್ನೊಂದು ಸಂಗತಿ ತಿಳಿದಾಗ ನಾನು ನಿಜಕ್ಕೂ ಬೆಚ್ಚಿದೆ. ಕೈಕಾಲಿನ ಬೇಡದ ಕೂದಲು ತೆಗೆಯಲು ಹಚ್ಚುವ ಕ್ರೀಮಿನಲ್ಲಿ ಇರುವುದೂ ಇದೇ ಕುಟುಂಬದ ರಾಸಾಯನಿಕ. ಅಲ್ಲಿ ಕ್ಷಾರತೆ ಹೆಚ್ಚು, ಹಾಗಾಗಿ ಕೂದಲು ಕರಗಿ ಬರುತ್ತದೆ. ಹುಬ್ಬಿನ ಕ್ರೀಮು ಅಷ್ಟು ತೀಕ್ಷ್ಣವಲ್ಲದಿದ್ದರೂ ಹೊತ್ತು ಮೀರಿ ಬಿಟ್ಟರೆ ಅದರ ಕೆಲಸವೂ ಅತ್ತಲೇ ಸಾಗುತ್ತದೆ. ಕೂದಲು ಬಾಗುವುದಕ್ಕೂ ಮುರಿಯುವುದಕ್ಕೂ ನಡುವೆ ಇರುವುದು ಕೆಲವೇ ನಿಮಿಷ. ಆದ್ದರಿಂದ ಕ್ರೀಮು ಹಚ್ಚಿದವರು ನಿಮ್ಮ ಪಕ್ಕದಿಂದ ಏಳಬಾರದು. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ.

ನನ್ನ ಕೆನ್ನೆಯ ಮೇಲೆ ಬಂಗು ಇತ್ತು. ಹೆರಿಗೆಯ ನಂತರ ಬಂದದ್ದು, ವರ್ಷ ಕಳೆದಂತೆ ಮೂಗಿನ ಮೇಲಕ್ಕೂ ಹುಬ್ಬಿನ ಮೇಲಕ್ಕೂ ಹಬ್ಬಿತ್ತು. ಚರ್ಮದ ವೈದ್ಯರು ಎಂಟು ವಾರಕ್ಕೆಂದು ಒಂದು ಮುಲಾಮು ಬರೆದುಕೊಟ್ಟಿದ್ದರು. ಹಚ್ಚಿದ ತಿಂಗಳಲ್ಲೇ ಮುಖ ತಿಳಿಯಾಯಿತು. ಆ ಖುಷಿಯಲ್ಲಿ ಮತ್ತೆ ವೈದ್ಯರ ಬಳಿಗೆ ಹೋಗಲಿಲ್ಲ. ಖಾಲಿಯಾದ ಟ್ಯೂಬನ್ನು ತೋರಿಸಿ ಔಷಧದ ಅಂಗಡಿಯಿಂದ ತಂದು ತಂದು ಎಂಟು ತಿಂಗಳು ಹಚ್ಚಿದೆ. ಅದರಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟೀರಾಯ್ಡ್ ಇದ್ದವು. ಟ್ರೆಟಿನಾಯಿನ್ ಚರ್ಮದ ಮೇಲ್ಪದರವನ್ನು ಸವೆಸುತ್ತದೆ, ಸ್ಟೀರಾಯ್ಡ್ ಹೆಚ್ಚು ಕಾಲ ಹಚ್ಚಿದರೆ ಚರ್ಮವನ್ನೇ ತೆಳುವಾಗಿಸುತ್ತದೆ. ಈ ಮುಲಾಮುಗಳನ್ನು ನಮ್ಮೂರಿನಲ್ಲಿ ಎಷ್ಟೊಂದು ಹೆಂಗಸರು ಸ್ನೋ ಹಚ್ಚಿದ ಹಾಗೆ ದಿನವೂ ಹಚ್ಚುತ್ತಾರೆ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಅಂಥ ಮುಖ ಹೊತ್ತು ನಾನು ಹುಬ್ಬಳ್ಳಿಯ ಒಂದು ಪಾರ್ಲರಿಗೆ ಹೋದೆ. ಲಗ್ನದ ಕಾಲ, ಜನ ತುಂಬಿದ್ದರು. ಮೊದಲು ದಾರದಿಂದ ಹುಬ್ಬು ತೀಡಿದರು, ಕೂಡಲೇ ಅಂಟು ಹಚ್ಚಿ ಕೂದಲನ್ನು ಮೇಲಕ್ಕೆ ಬಾಚಿ ಕ್ರೀಮು ಬಳಿದು ಪಾರದರ್ಶಕ ಹಾಳೆ ಮುಚ್ಚಿದರು. ಕೊಳೆತ ಮೊಟ್ಟೆಯಂಥ ನಾತ ಬಂತು. ಪ್ರಯೋಗಶಾಲೆಯಲ್ಲಿ ಮೂಗಿಗೆ ಅಭ್ಯಾಸವಾದ ಗಂಧಕದ ನಾತ ಅದು, ಆದರೂ ನಾನು ಏನನ್ನೂ ಕೇಳಲಿಲ್ಲ. ಅಷ್ಟರಲ್ಲಿ ಒಬ್ಬ ಮದುಮಗಳ ಕಡೆಯವರು ಬಂದರು, ನನಗೆ ಹಚ್ಚಿದ್ದ ಹುಡುಗಿ ಅತ್ತ ಹೋದಳು. ಎಡಹುಬ್ಬು ಉರಿಯತೊಡಗಿತು. ಉರಿಯುತ್ತಿದೆ ಎಂದರೆ ಕೆಲಸ ಮಾಡುತ್ತಿದೆ ಎಂದುಕೊಂಡು ಸಹಿಸಿದೆ. ಮೆಣಸಿನಕಾಯಿ ಬಿಡಿಸಿದ ಕೈ ತಾಗಿದಂಥ ಉರಿ, ನಂತರ ಸೂಜಿ ಚುಚ್ಚಿದಂಥದ್ದು. ಎಷ್ಟು ಹೊತ್ತು ಕಳೆಯಿತೋ, ಒರೆಸುವಾಗ ಆ ಹುಡುಗಿಯ ಮುಖ ಬಿಳಿಚಿದ್ದನ್ನು ಕನ್ನಡಿಯಲ್ಲಿ ಕಂಡೆ.

ಮರುದಿನ ಬೆಳಿಗ್ಗೆ ಹುಬ್ಬಿನ ಕೆಳಗಿನ ಚರ್ಮ ಕೆಂಪಾಗಿ ಉಬ್ಬಿ ನೀರು ಜಿನುಗುತ್ತಿತ್ತು. ಬೆರಳಿನಿಂದ ಮುಟ್ಟಿದರೆ ಕೂದಲು ಒಣ ಶಾವಿಗೆಯ ಹಾಗೆ ಲಟಕ್ಕನೆ ಮುರಿಯುತ್ತಿತ್ತು. ಉಳಿದವುಗಳ ತುದಿ ಕಾವು ತಾಗಿದಂತೆ ಸುರುಟಿತ್ತು. ವೈದ್ಯರು ತಣ್ಣೀರಿನ ಬಟ್ಟೆ, ಪೆಟ್ರೋಲಿಯಂ ಜೆಲ್ಲಿ, ಬಿಸಿಲಿನಿಂದ ದೂರ ಎಂದರು, ಬಂಗಿನ ಮುಲಾಮನ್ನು ಅಂದೇ ನಿಲ್ಲಿಸಿದರು. ಚರ್ಮ ಎರಡು ವಾರದಲ್ಲಿ ಮಾಯಿತು. ಹುಬ್ಬು ಮೊದಲಿನಂತಾಗಲು ನಾಲ್ಕು ತಿಂಗಳು ಬೇಕಾಯಿತು.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಬಂಗಿನ ಮುಲಾಮಿನ ಬಗ್ಗೆ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ, ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ. ಈಗ ಗೊತ್ತಿದೆ, ಅದಕ್ಕೇ ಒತ್ತಿ ಹೇಳುತ್ತೇನೆ. ಮುಖಕ್ಕೆ ಏನು ಹಚ್ಚುತ್ತೀರಿ ಎಂಬುದನ್ನು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ. ರೆಟಿನಾಲ್, ಟ್ರೆಟಿನಾಯಿನ್, ಅಡಾಪಲೀನ್, ಗ್ಲೈಕೋಲಿಕ್ ಆಮ್ಲ ಇರುವ ಯಾವುದನ್ನೇ ಆಗಲಿ ಕನಿಷ್ಠ ಒಂದು ವಾರ ಮೊದಲು, ಬರೆದುಕೊಟ್ಟ ವೈದ್ಯರನ್ನು ಕೇಳಿಯೇ ನಿಲ್ಲಿಸಿ. ಮೊಡವೆಗೆಂದು ಐಸೊಟ್ರೆಟಿನಾಯಿನ್ ಗುಳಿಗೆ ನುಂಗುತ್ತಿದ್ದರೆ ಲ್ಯಾಮಿನೇಷನ್ನಿನ ಮಾತನ್ನೇ ಮರೆತುಬಿಡಿ. ಗುಳಿಗೆ ನಿಲ್ಲಿಸಿದ ಮೇಲೂ ಆರು ತಿಂಗಳು ಕಾಯುವುದು ರೂಢಿ. ಹುಬ್ಬಿನಲ್ಲಿ ಹೊಟ್ಟು, ಇಸುಬು, ಗಾಯ ಇದ್ದರೆ ಬೇಡ. ಕಣ್ಣು ಬಂದಿದ್ದರೆ ಬೇಡ. ಬ್ಲೀಚ್, ಪೀಲ್, ಲೇಸರ್ ಆಗಿ ಹೆಚ್ಚು ದಿನವಾಗಿಲ್ಲದಿದ್ದರೆ ಬೇಡ. ಬಸುರಿಯರಲ್ಲಿ ಚರ್ಮದ ಸ್ವಭಾವ ಬದಲಾಗಿರುವುದರಿಂದ ಬಹಳಷ್ಟು ಕಡೆ ಅವರಿಗೆ ಮಾಡುವುದಿಲ್ಲ, ಅದು ಒಳ್ಳೆಯದೇ. ದಾರ ಎಳೆದೊಡನೆ ಕ್ರೀಮು ಹಚ್ಚಿಸಿಕೊಳ್ಳಬಾರದು. ದಾರ ಕೂದಲನ್ನು ಕಿತ್ತ ಜಾಗದಲ್ಲಿ ಚರ್ಮ ಹಸಿಯಾಗಿರುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ತೆಗೆದಿಟ್ಟು ಕೂರಬೇಕು. ಕ್ರೀಮು ಕಣ್ಣಿಗೆ ಹೋದರೆ ಹದಿನೈದು ನಿಮಿಷ ನಲ್ಲಿಯ ನೀರಿನಿಂದ ತೊಳೆದು ನೇರ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಉರಿ ಬಂದರೆ ಒರೆಸಿ ಎನ್ನಲು ಸಂಕೋಚಪಡಬೇಡಿ. ಅರ್ಧಕ್ಕೆ ನಿಂತ ಹುಬ್ಬನ್ನು ಸರಿಮಾಡಬಹುದು.

ಬಣ್ಣದ ವಿಷಯ ಬೇರೆಯದೇ. ಲ್ಯಾಮಿನೇಷನ್ನಿನ ಜೊತೆಗೆ ಹುಬ್ಬಿಗೆ ಕಪ್ಪು ಬಣ್ಣವನ್ನೂ ಹಚ್ಚುವುದುಂಟು, ಹಲವು ಕಡೆ ಎರಡೂ ಒಂದೇ ದರದಲ್ಲಿ ಸೇರಿರುತ್ತವೆ. ಕಪ್ಪು ಬಣ್ಣಗಳಲ್ಲಿ ಪಿಪಿಡಿ (ಪ್ಯಾರಾಫಿನೈಲೀನ್ ಡೈಅಮೀನ್) ಎಂಬ ರಾಸಾಯನಿಕ ಸಾಮಾನ್ಯ. ಅದು ಕೆಲವರ ಮೈಗೆ ಒಗ್ಗುವುದಿಲ್ಲ, ಒಗ್ಗುವುದಿಲ್ಲ ಎಂಬುದು ತಕ್ಷಣ ತಿಳಿಯುವುದೂ ಇಲ್ಲ. ಒಂದು ದಿನ, ಎರಡು ದಿನ, ಕೆಲವೊಮ್ಮೆ ಮೂರು ದಿನ ಬಿಟ್ಟು ತುರಿಕೆ, ಬಾವು, ಗುಳ್ಳೆ ಏಳುತ್ತವೆ. ನಿಮ್ಮ ಮನೆಯ ಕಪಾಟಿನಲ್ಲಿರುವ ಕೂದಲಿನ ಬಣ್ಣದ ಪೊಟ್ಟಣವನ್ನು ತೆಗೆದು ಬೆಳಕಿಗೆ ಹಿಡಿದು ನೋಡಿ. ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ, ರೆಪ್ಪೆಗೂ ಹುಬ್ಬಿಗೂ ಹಚ್ಚಬಾರದು, ಹಚ್ಚಿದರೆ ಕುರುಡಾಗಬಹುದು ಎಂದು ಬರೆದಿರುತ್ತದೆ. ಪಿಪಿಡಿಯಂಥವು ಇರುವ ಕೂದಲು ಬಣ್ಣಗಳ ಮೇಲೆ ಹಾಗೆ ಮುದ್ರಿಸುವುದು ನಮ್ಮ ದೇಶದಲ್ಲಿ ಕಡ್ಡಾಯ. ನಾನು ವರ್ಷಗಟ್ಟಲೆ ತಲೆಗೆ ಬಣ್ಣ ಹಚ್ಚಿದ್ದೇನೆ, ಉಳಿದ ಬಣ್ಣವನ್ನು ಹುಬ್ಬಿನ ಬಿಳಿಕೂದಲಿಗೂ ಸವರಿದ್ದೇನೆ, ಆ ಸಾಲನ್ನು ಓದಿರಲಿಲ್ಲ.

ಆ ಎಚ್ಚರಿಕೆಯ ಹಿಂದೆ ಹೆಣ್ಣುಮಕ್ಕಳು ತೆತ್ತ ಬೆಲೆ ಇದೆ. 1933ರಲ್ಲಿ ಅಮೆರಿಕದಲ್ಲಿ ಲ್ಯಾಷ್ ಲೂರ್ ಎಂಬ ರೆಪ್ಪೆ-ಹುಬ್ಬಿನ ಬಣ್ಣ ಮಾರಾಟದಲ್ಲಿತ್ತು, ಅದರಲ್ಲಿ ಪಿಪಿಡಿ ಇತ್ತು. ಅದನ್ನು ಹಚ್ಚಿಸಿಕೊಂಡು ಕಣ್ಣು ಕಳೆದುಕೊಂಡವರಿದ್ದಾರೆ, ಕನಿಷ್ಠ ಒಬ್ಬಳು ಸತ್ತೂ ಹೋದಳು. ಆಗ ಪ್ರಸಾಧನಗಳನ್ನು ತಡೆಯುವ ಕಾನೂನೇ ಅಲ್ಲಿರಲಿಲ್ಲ. 1938ರಲ್ಲಿ ಹೊಸ ಕಾನೂನು ಬಂದಾಗ ಆ ಹೆಂಗಸರ ಚಿತ್ರಗಳು ಅದಕ್ಕೆ ಒಂದು ಕಾರಣವಾಗಿದ್ದವು. ಮದುವೆಗೆ ಇಲ್ಲವೇ ಊಟದ ಕೂಟಕ್ಕೆ ಹೊರಟು ನಿಂತವರೇ ಇರಬೇಕು ಅವರೆಲ್ಲ.

ನಡುವೆ ಒಂದು ಮಾತು. ಲ್ಯಾಮಿನೇಷನ್ ಎಂಬುದು ಇದ್ದ ಕೂದಲನ್ನು ಎತ್ತಿ ಹರಡಿ ಹುಬ್ಬು ತುಂಬಿದಂತೆ ತೋರಿಸುತ್ತದೆಯೇ ಹೊರತು ಇಲ್ಲದ ಕೂದಲನ್ನು ಹುಟ್ಟಿಸುವುದಿಲ್ಲ. ಇದ್ದ ಹುಬ್ಬು ಯಾಕೆ ತೆಳುವಾಯಿತು ಎಂಬ ಪ್ರಶ್ನೆಯನ್ನು ಅದು ಮುಚ್ಚಿಡಬಾರದು. ನಾನು ಕಾಲೇಜಿನಲ್ಲಿದ್ದಾಗ ನಮ್ಮ ಅವ್ವನ ಹುಬ್ಬಿನ ಹೊರತುದಿ, ಕಿವಿಯ ಕಡೆಗಿನ ಮೂರನೆಯ ಒಂದು ಭಾಗ, ಮೆಲ್ಲಗೆ ಅಳಿಸಿಹೋಯಿತು. ವಯಸ್ಸಾಯಿತು ಎಂದೆವು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅವ್ವ ಎರಡು ಕಂಬಳಿ ಹೊದ್ದೂ ನಡುಗುತ್ತಿದ್ದಳು, ರೊಟ್ಟಿ ಬಡಿಯುತ್ತ ಬಡಿಯುತ್ತ ದಣಿದು ಗೋಡೆಗೆ ಒರಗುತ್ತಿದ್ದಳು. ಅದಕ್ಕೂ ವಯಸ್ಸೆಂದೆವು. ಒಂದು ವರ್ಷ ತಡಮಾಡಿ ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಗ್ರಂಥಿ ಸೋತಿದೆ ಎಂದು ತಿಳಿಯಿತು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಸಣ್ಣ ಗುಳಿಗೆ, ಅಷ್ಟೇ. ಅವ್ವ ಎದ್ದು ಓಡಾಡಿದಳು, ಹುಬ್ಬೂ ಅರೆಬರೆ ತಿರುಗಿ ಬಂತು. ಎಲ್ಲರ ಹುಬ್ಬು ಅದೇ ಕಾರಣಕ್ಕೆ ತೆಳುವಾಗುತ್ತದೆ ಎಂದಲ್ಲ. ಚಿಕ್ಕ ವಯಸ್ಸಿನಿಂದ ಎಡೆಬಿಡದೆ ದಾರ ಎಳೆಸಿದರೂ ಆಗುತ್ತದೆ, ಚರ್ಮದ ಕಾಯಿಲೆಯಿಂದಲೂ, ದುಂಡಗೆ ಬೋಳಾಗುವ ಕಾಯಿಲೆಯಿಂದಲೂ, ಕುಷ್ಠರೋಗದಲ್ಲೂ ಆಗುತ್ತದೆ. ಪಾರ್ಲರಿಗಿಂತ ಮೊದಲು ವೈದ್ಯರಿಗೆ ತೋರಿಸಬೇಕಾದ ಹುಬ್ಬುಗಳೂ ಇವೆ ಎಂಬುದಷ್ಟೇ ನನ್ನ ಮಾತು. ಔಡಲೆಣ್ಣೆ ಹಚ್ಚಿದರೆ ಕೂದಲು ಬರುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಕೂದಲು ಮೆದುವಾಗಿ ಹೊಳೆಯುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಾನು ಕಂಡಿಲ್ಲ.

ಭಾನುವಾರ ಅಕ್ಕನ ಮಗಳು ಗದಗಿನಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಬಂದು ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಬಂದಳು. ಸಪ್ತಾಪುರದ ಒಂದು ಚಿಕ್ಕ ಪಾರ್ಲರಿಗೆ ಕರೆದುಕೊಂಡು ಹೋದೆ. ನಡೆಸುವವರು ನನ್ನ ವಯಸ್ಸಿನವರು, ಹಲ್ಲಿನಲ್ಲಿ ದಾರ ಹಿಡಿದು ಹದಿನೈದು ವರ್ಷ ದುಡಿದ ಕೈ. ಕನ್ನಡಕ ಏರಿಸಿ, ಉದ್ದ ರಿಜಿಸ್ಟರ್ ತೆರೆದು ಪ್ರಶ್ನೆ ಕೇಳತೊಡಗಿದರು. ಮೊಡವೆಗೆ ಗುಳಿಗೆ ತಿನ್ನುತ್ತೀಯಾ ತಂಗಿ? ಮುಖಕ್ಕೆ ಏನು ಹಚ್ಚುತ್ತೀ? ಬ್ಲೀಚ್ ಯಾವಾಗ ಮಾಡಿಸಿದೆ? ಅವಳು ಇಲ್ಲ, ಇಲ್ಲ ಎನ್ನುತ್ತ ಹೋದಳು.

"ಕಪ್ಪು ಮೆಹಂದಿ ಎಂದಾದರೂ ಹಾಕಿಸಿಕೊಂಡಿದ್ದೀಯಾ?"

ಅವಳು ತಡೆದಳು. ಎಂಟನೆಯ ತರಗತಿಯಲ್ಲಿದ್ದಾಗ ಜಾತ್ರೆಯಲ್ಲಿ ಮುಂಗೈ ಮೇಲೆ ಬಳ್ಳಿಯ ಚಿತ್ರ ಬರೆಸಿಕೊಂಡಿದ್ದಳಂತೆ. ಎರಡು ದಿನದ ಮೇಲೆ ಬಳ್ಳಿ ಇದ್ದಷ್ಟೂ ಜಾಗ ಗುಳ್ಳೆ ಎದ್ದು, ಹತ್ತು ದಿನ ಕೈ ಉರಿದಿತ್ತು. ಉಷ್ಣ ಎಂದು ಮನೆಯಲ್ಲಿ ಬೆಣ್ಣೆ ಹಚ್ಚಿದ್ದರು. ಸೊಪ್ಪಿನ ಮದರಂಗಿ ಕೆಂಪು ಬಣ್ಣ ಕೊಡುತ್ತದೆ. ಗಳಿಗೆಯಲ್ಲಿ ಕಪ್ಪಾಗುವ ಮೆಹಂದಿಯಲ್ಲಿ ಪಿಪಿಡಿ ಬೆರೆಸಿರುವುದುಂಟು. ಒಮ್ಮೆ ಹಾಗೆ ಕೆರಳಿದ ಮೈ ಅದನ್ನು ಮರೆಯುವುದಿಲ್ಲ, ಮುಂದೆ ಅದೇ ರಾಸಾಯನಿಕ ಎಲ್ಲಿ ತಾಗಿದರೂ ಎದ್ದು ನಿಲ್ಲುತ್ತದೆ. ಅವರು ರಿಜಿಸ್ಟರಿನಲ್ಲಿ ಕೆಂಪು ಪೆನ್ನಿನಿಂದ ಗೆರೆ ಎಳೆದರು. "ಹಾಗಿದ್ದರೆ ಬಣ್ಣ ಇಲ್ಲ. ಪರೀಕ್ಷೆಗೂ ಹಚ್ಚುವುದಿಲ್ಲ. ಕೂದಲು ನಿಲ್ಲಿಸುವ ಕ್ರೀಮು ಒಗ್ಗುತ್ತದೆಯೋ ನೋಡೋಣ" ಎಂದು, ಪೊಟ್ಟಣದ ಮೇಲಿನ ದಿನಾಂಕವನ್ನು ನಮಗೆ ಓದಿಸಿ, ಎದುರಿಗೇ ಕತ್ತರಿಸಿ, ಜೋಳದ ಕಾಳಿನಷ್ಟು ಕ್ರೀಮನ್ನು ಅವಳ ಬಲಗಿವಿಯ ಹಿಂದೆ ಇಟ್ಟು, ಗಡಿಯಾರ ನೋಡಿ ಒರೆಸಿದರು. ಎರಡನೆಯ ಕ್ರೀಮನ್ನೂ ಹಾಗೆಯೇ. "ಎರಡು ದಿನ ನೋಡು. ತುರಿಸಿದರೆ, ಕೆಂಪಾದರೆ ಬರಬೇಡ, ಫೋನ್ ಮಾಡು." ಆ ದಿನ ಅವರು ಹಣ ತೆಗೆದುಕೊಳ್ಳಲಿಲ್ಲ.

ಚಹಾ ಕುಡಿಯುತ್ತ ಅವಳು ಸುಮ್ಮನೆ ಮುಂಗೈ ನೋಡಿಕೊಳ್ಳುತ್ತಿದ್ದಳು. ಹುಬ್ಬಳ್ಳಿಯ ಪಾರ್ಲರಿನವರು ಹೇಳಿದ ದರದಲ್ಲಿ ಬಣ್ಣವೂ ಸೇರಿತ್ತು.

ಇನ್ನು ಅರಿಷಿಣದ ದಿನದ ಮಾತು. ಲ್ಯಾಮಿನೇಷನ್ ಆದ ಮೇಲೆ ಒಂದು ಇಡೀ ದಿನ ಹುಬ್ಬಿಗೆ ನೀರು, ಎಣ್ಣೆ, ಹಬೆ, ಬೆವರು ತಾಗಬಾರದು. ಹೊಸದಾಗಿ ಬೆಸೆದ ಕೊಂಡಿಗಳು ಗಟ್ಟಿಯಾಗಬೇಕು, ಕೆರಳಿದ ಚರ್ಮ ತಣಿಯಬೇಕು. ಅಷ್ಟು ಹೊತ್ತು ರೊಟ್ಟಿಯ ಹಂಚಿನ ಮುಂದೆ ಬಗ್ಗುವುದು, ಕುಕ್ಕರಿನ ಹಬೆಗೆ ಮುಖ ಕೊಡುವುದು, ದಿಂಬಿಗೆ ಮುಖ ಒತ್ತಿ ಮಲಗುವುದು ಎಲ್ಲ ಬಿಡಬೇಕು. ಮರುದಿನದಿಂದ ದಿನಕ್ಕೊಮ್ಮೆ ಸಣ್ಣ ಬ್ರಷ್‌ನಿಂದ ಬಾಚಿ ತುಸು ಎಣ್ಣೆ ಸವರಿದರೆ ಸಾಕು. ನಮ್ಮ ಕಡೆಯ ಲಗ್ನದಲ್ಲಿ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ದಾರ ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ, ಎಣ್ಣೆ ಅರಿಷಿಣ ಹಚ್ಚಿ ನೀರೆರೆಯುವ ಸುರಗಿ ಇದೆ. ಬೆಳಿಗ್ಗೆ ಕ್ರೀಮು ಹಚ್ಚಿಸಿಕೊಂಡು ಬಂದ ಹುಬ್ಬಿನ ಮೇಲೆ ಮಧ್ಯಾಹ್ನ ಐದು ಮುತ್ತೈದೆಯರು ಅರಿಷಿಣ ತಿಕ್ಕಿದರೆ ಏನಾದೀತು? ಅದಕ್ಕೇ ಒಂದು ವಾರ ಮೊದಲು ಎಂದು ಗೊತ್ತುಮಾಡಿದೆವು. ಏನಾದರೂ ಎಡವಟ್ಟಾದರೆ ಮಾಯಲು ದಿನಗಳಿರುತ್ತವೆ. ಚೆನ್ನಾಗಿ ಬಂದರೆ ನಾಲ್ಕರಿಂದ ಆರು ವಾರ, ಕೆಲವರಿಗೆ ಎಂಟು ವಾರ ನಿಲ್ಲುತ್ತದೆ. ತಲೆಗೂದಲು ವರ್ಷಗಟ್ಟಲೆ ಬೆಳೆಯುತ್ತದೆ, ಹುಬ್ಬಿನದು ಕೆಲವೇ ವಾರ ಬೆಳೆದು, ನಿಂತು, ಉದುರಿ, ಹೊಸದು ಬರುತ್ತದೆ. ಹೊಸ ಕೂದಲಿಗೆ ಕ್ರೀಮಿನ ಪಾಠ ಗೊತ್ತಿರುವುದಿಲ್ಲ. ಆರರಿಂದ ಎಂಟು ವಾರ ಕಳೆಯದೆ ಮತ್ತೊಮ್ಮೆ ಮಾಡಿಸಬಾರದು.

ಬುಧವಾರ ಅವಳು ಕಿವಿಯ ಹಿಂದಿನ ಫೋಟೋ ಕಳಿಸಿದಳು. ಚರ್ಮ ತಿಳಿಯಾಗಿತ್ತು. ಮುಂದಿನ ಭಾನುವಾರ ಬಂದು ಮಾಡಿಸಿಕೊಂಡಳು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಮೊದಲ ಕ್ರೀಮು ಇದ್ದಷ್ಟು ಹೊತ್ತು ಅವರು ಅವಳ ಹುಬ್ಬಿನಿಂದ ಕಣ್ಣು ತೆಗೆಯಲಿಲ್ಲ. ಎರಡು ಸಲ ಹಾಳೆ ಎತ್ತಿ ಕೂದಲೊಂದನ್ನು ಕಡ್ಡಿಯಿಂದ ಬಾಗಿಸಿ ನೋಡಿದರು. ಮೇಜಿನ ಮೇಲೆ ಫೋನ್ ಬಡಿದುಕೊಂಡಿತು, ಎತ್ತಲಿಲ್ಲ.

ಸುರಗಿಯ ದಿನ ಅಕ್ಕನ ಮನೆಯ ಹಿತ್ತಲಿನಲ್ಲಿ ದಾರ ಸುತ್ತಿ ಅವಳನ್ನು ಕೂರಿಸಿದ್ದರು. ಅಕ್ಕನಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಎಲ್ಲರಿಗಿಂತ ಮೊದಲು ನಮ್ಮ ಅವ್ವನನ್ನು ಕರೆದರು. ಅವ್ವ ಮೊಣಕಾಲು ಹಿಡಿದುಕೊಂಡು ಬಂದು ಮೊಮ್ಮಗಳ ಎದುರು ಕೂತಳು, ಕೆನ್ನೆಗೆ, ಗದ್ದಕ್ಕೆ, ಹಣೆಗೆ ಅರಿಷಿಣ ಸವರಿದಳು. ಬೆರಳು ಹುಬ್ಬಿನ ಬಳಿ ಬಂದು ನಿಂತಿತು. ಒಂದು ಕ್ಷಣ ನೋಡಿದಳು, ನಂತರ ಹೆಬ್ಬೆರಳಿನಿಂದ ಮೂಗಿನ ಬುಡದಿಂದ ಕಿವಿಯ ಕಡೆಗೆ, ತನ್ನ ಹುಬ್ಬು ಅಳಿಸಿಹೋದ ಆ ತುದಿಯವರೆಗೂ, ಕೂದಲು ಹೋದ ದಿಕ್ಕಿನಲ್ಲೇ ಮೆಲ್ಲಗೆ ತೀಡಿದಳು.

"ನನ್ನ ಲಗ್ನದಲ್ಲಿ ನನ್ನ ಹುಬ್ಬು ಹೀಗೇ ಇದ್ದವು" ಎಂದಳು. ಅಕ್ಕ ನೀರಿನ ತಂಬಿಗೆ ಎತ್ತಿದಳು.